ದನದ ಆಸ್ಪತ್ರೆಯ ಬಾಗಿಲಲ್ಲಿ

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ನಾಯಿಯನ್ನು ಕರೆದುಕೊಂಡು ಊರಿನ ಪಶುವೈದ್ಯಶಾಲೆಯೊಂದಕ್ಕೆ ಹೋಗಿದ್ದೆ. ಬಾಗಿಲ ಬಳಿ ಒಂದು ಮೇಜು, ಅದರ ಮೇಲೊಂದು ಉದ್ದನೆಯ ದಾಖಲೆ ಪುಸ್ತಕ, ಅದರ ಹಿಂದೆ ಮೂವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು. “ಹೆಸರು ಹೇಳಿ ಸಾರ್” ಎಂದರು. ಮೂವತ್ತು ವರ್ಷಕ್ಕೂ ಮಿಕ್ಕಿ ಪಾಠ ಹೇಳಿದ ಅಭ್ಯಾಸಬಲದಿಂದ ನಾನು ಹೆಸರು, ಪದವಿ, ನಿವೃತ್ತಿಯ ವಿವರಗಳನ್ನೆಲ್ಲ ಒಪ್ಪಿಸಿದೆ. ಆಕೆ ಬರೆದುಕೊಳ್ಳಲಿಲ್ಲ. “ಅದು ಆಮೇಲೆ ಬರೀತೀನಿ ಸಾರ್. ಮೊದಲು ಇವನ ಹೆಸರು ಹೇಳಿ” ಎಂದು ನನ್ನ ಕಾಲ ಬಳಿ ಮುದುಡಿ ಮಲಗಿದ್ದ ಕರಿಯನನ್ನು ತೋರಿಸಿದರು. ಆ ಒಂದು ಮಾತಿನಿಂದ ಹುಟ್ಟಿದ ಆಲೋಚನೆ ಈ ಭಾಷಣಕ್ಕೆ ಕಾರಣವಾಯಿತು.

ಮೇಜಿನ ಹಿಂದೆ ಕುಳಿತ ಇಂಥವರನ್ನು ಇಂಗ್ಲಿಷಿನಲ್ಲಿ ರಿಸೆಪ್ಷನಿಸ್ಟ್ ಎನ್ನುತ್ತಾರೆ. ನಾವು ಅದನ್ನು ಸ್ವಾಗತಕಾರರು, ಸ್ವಾಗತಕಾರಿಣಿ ಎಂದು ಕನ್ನಡಿಸಿಕೊಂಡಿದ್ದೇವೆ. ಮದುವೆಯ ಮಂಟಪಕ್ಕೂ ಹೋಟೆಲಿಗೂ ಈ ಮಾತು ಸಲ್ಲುತ್ತದೆ. ಆಸ್ಪತ್ರೆಗೆ ಅಷ್ಟಾಗಿ ಸಲ್ಲದು. ಅಲ್ಲಿಗೆ ಸಂತೋಷದಿಂದ ಬರುವವರು ಯಾರು? ಆ ಇಂಗ್ಲಿಷ್ ಪದದ ಮೂಲದಲ್ಲಿರುವ ಅರ್ಥ ಬೇರೆ: ಕೈಗೆ ತೆಗೆದುಕೊಳ್ಳುವುದು, ಸ್ವೀಕರಿಸುವುದು. ಒಬ್ಬರ ಸಂಕಟವನ್ನು ಬಾಗಿಲಲ್ಲಿ ತಮ್ಮ ಕೈಗೆ ತೆಗೆದುಕೊಳ್ಳುವವರು ಎಂದು ಹೇಳಿದರೆ ಆ ಕೆಲಸದ ಸ್ವರೂಪ ಸ್ಪಷ್ಟವಾಗುತ್ತದೆ.

ರೋಗಿಯ ಪೂರ್ವವೃತ್ತಾಂತಕ್ಕೆ ವೈದ್ಯರು ‘ಹಿಸ್ಟರಿ’ ಎನ್ನುತ್ತಾರೆ, ಎಂದರೆ ಚರಿತ್ರೆ. ಮನುಷ್ಯರ ಆಸ್ಪತ್ರೆಯಲ್ಲಿ ರೋಗಿಯೇ ತನ್ನ ಚರಿತ್ರೆಯನ್ನು ಹೇಳಿಕೊಳ್ಳುತ್ತಾನೆ. ಪ್ರಾಣಿಯ ಆಸ್ಪತ್ರೆಯಲ್ಲಿ ನೋವು ಒಬ್ಬರದು, ಮಾತು ಇನ್ನೊಬ್ಬರದು. ಹೇಳುವವನು ತಾನು ಕಂಡದ್ದನ್ನು ಹೇಳುತ್ತಾನೆ, ಕಾಣದಿದ್ದುದನ್ನು ಊಹಿಸುತ್ತಾನೆ, ತನ್ನ ಅಲಕ್ಷ್ಯದಿಂದ ಆದದ್ದನ್ನು ಒಮ್ಮೊಮ್ಮೆ ಮರೆಮಾಚುತ್ತಾನೆ. ಆ ಸಾಕ್ಷ್ಯವನ್ನು ಕೇಳಿ, ತೂಗಿ, ನಾಲ್ಕು ಸಾಲಿನಲ್ಲಿ ಮೊದಲು ಬರೆದಿಡುವವರು ಬಾಗಿಲಲ್ಲಿ ಕುಳಿತವರು. ಚರಿತ್ರಕಾರನ ಕೆಲಸವೂ ಇದೇ ತಾನೆ? ಪಶುವೈದ್ಯದ ಇತಿಹಾಸವನ್ನು ಬರೆದವರು ಅರಸರನ್ನೂ ವೈದ್ಯರನ್ನೂ ಔಷಧಗಳನ್ನೂ ಹೆಸರಿಸಿದ್ದಾರೆ. ಈ ಮೊದಲ ಚರಿತ್ರಕಾರರನ್ನು ಬಹುಮಟ್ಟಿಗೆ ಮರೆತಿದ್ದಾರೆ. ಅವರ ಹೆಜ್ಜೆಯ ಗುರುತು ಎಲ್ಲೆಲ್ಲಿ ಕಾಣುತ್ತದೆ ಎಂಬುದನ್ನು ಸ್ವಲ್ಪ ಹುಡುಕೋಣ.

ನಮ್ಮ ದೇಶದಲ್ಲಿ ಪ್ರಾಣಿಚಿಕಿತ್ಸೆಯ ಮಾತೆತ್ತಿದ ಕೂಡಲೇ ನೆನಪಾಗುವವನು ಅಶೋಕ. ಕ್ರಿಸ್ತಪೂರ್ವ 3ನೆಯ ಶತಮಾನದ ಅವನ ಎರಡನೆಯ ಬಂಡೆಶಾಸನದಲ್ಲಿ ಮನುಷ್ಯರ ಚಿಕಿತ್ಸೆ, ಪಶುಗಳ ಚಿಕಿತ್ಸೆ ಎಂಬ ಎರಡು ಬಗೆಯ ಚಿಕಿತ್ಸೆಗಳನ್ನು ತನ್ನ ರಾಜ್ಯದಲ್ಲೂ ನೆರೆಯವರ ನಾಡುಗಳಲ್ಲೂ ಏರ್ಪಡಿಸಿದ ವಿಷಯವಿದೆ. ಮೂಲಿಕೆಗಳಿಲ್ಲದ ಕಡೆ ತರಿಸಿ ನೆಡಿಸಿದ್ದು, ದಾರಿಯಲ್ಲಿ ಬಾವಿ ತೋಡಿಸಿದ್ದು ಸಹ ಅಲ್ಲಿ ಹೇಳಿದೆ. ಗಿರ್ನಾರಿನಲ್ಲಿ ಕಾಣುವ ಈ ಶಾಸನದ ಒಂದು ಪ್ರತಿ ನಮ್ಮ ಬಳ್ಳಾರಿಗೆ ಪೂರ್ವದಲ್ಲಿ, ಆಂಧ್ರದ ಎರ್ರಗುಡಿಯ ಬಂಡೆಗಳ ಮೇಲೂ ಇದೆ. ಶಾಸನ ಹೇಳುವುದು ಚಿಕಿತ್ಸೆಯನ್ನು ಕುರಿತು; ಕಟ್ಟಡವನ್ನಾಗಲಿ ಬಾಗಿಲಲ್ಲಿದ್ದವರನ್ನಾಗಲಿ ಅದು ಹೆಸರಿಸುವುದಿಲ್ಲ. ಅರಸನ ಕರುಣೆ ಕಲ್ಲಿನ ಮೇಲೆ ಉಳಿಯಿತು. ಆ ಕರುಣೆಯನ್ನು ದಿನದಿನವೂ ನಡೆಸಿದವರ ಸುದ್ದಿ ಉಳಿಯಲಿಲ್ಲ.

ಕಲ್ಲು ಬಿಟ್ಟದ್ದನ್ನು ಓಲೆ ಸ್ವಲ್ಪ ಹೇಳುತ್ತದೆ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದ ಸಂಗತಿ ಕನ್ನಡಿಗರಿಗೆಲ್ಲ ಹೆಮ್ಮೆಯದು. ಆ ಗ್ರಂಥದ ಗೋಧ್ಯಕ್ಷ, ಅಶ್ವಾಧ್ಯಕ್ಷ ಎಂಬ ಅಧಿಕಾರಿಗಳ ಪ್ರಕರಣಗಳನ್ನು ಓದಿದರೆ ಒಂದು ದಾಖಲೆ ಪುಸ್ತಕವೇ ಕಣ್ಣೆದುರು ತೆರೆದಂತಾಗುತ್ತದೆ. ಪ್ರತಿಯೊಂದು ಹಸುವಿನ ಮುದ್ರೆ, ಹುಟ್ಟುಗುರುತು, ಬಣ್ಣ, ಕೊಂಬುಗಳ ನಡುವಣ ಅಂತರ, ಇವನ್ನೆಲ್ಲ ಬರೆದಿಡಬೇಕು. ಕುದುರೆಯಾದರೆ ತಳಿ, ವಯಸ್ಸು, ಬಣ್ಣ, ಗುರುತು, ಬಂದ ಸ್ಥಳ ಎಲ್ಲವನ್ನೂ ಬರೆಯಬೇಕು. ಚಿಕಿತ್ಸೆಯ ದೋಷದಿಂದ ಕುದುರೆಯ ರೋಗ ಉಲ್ಬಣಿಸಿದರೆ ವೈದ್ಯನಿಗೆ ದಂಡ. ಇಲ್ಲಿ ಒಂದು ಸೂಕ್ಷ್ಮವಿದೆ. ಮೊದಲ ದಿನ ಪ್ರಾಣಿ ಯಾವ ಸ್ಥಿತಿಯಲ್ಲಿತ್ತು ಎಂಬುದನ್ನು ಯಾರಾದರೂ ಬರೆದಿಡದಿದ್ದರೆ, ಆಮೇಲೆ ಉಲ್ಬಣಿಸಿತೆಂದು ಹೇಳುವುದಾದರೂ ಹೇಗೆ? ಬಾಗಿಲ ಬರಹ ವೈದ್ಯನಿಗೂ ರಕ್ಷೆ, ಪ್ರಾಣಿಗೂ ರಕ್ಷೆ. ಕೌಟಿಲ್ಯನಿಗೆ ಬೇಕಾಗಿದ್ದುದು ರಾಜನ ಸೊತ್ತಿನ ಲೆಕ್ಕ, ನಿಜ. ಆದರೂ ಒಂದೊಂದು ಪ್ರಾಣಿಯನ್ನೂ ಬೇರೆಬೇರೆಯಾಗಿ ಗುರುತಿಸುವ ಶಿಸ್ತು ಆ ಲೆಕ್ಕದಿಂದ ಬಂತು.

ಕನ್ನಡದಲ್ಲಿ ಪಶುವೈದ್ಯದ ಮೊದಲ ಕೃತಿಯೆಂದು ವಿದ್ವಾಂಸರು ಹೇಳುವುದು ‘ಗೋವೈದ್ಯ’ವನ್ನು. ಅದನ್ನು ಬರೆದವನು ಕೀರ್ತಿವರ್ಮ, ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಸೋದರ; ಕಾಲ 12ನೆಯ ಶತಮಾನದ ಆದಿಭಾಗ. ಅರಮನೆಯಲ್ಲಿ ಹುಟ್ಟಿದವನು ಕೊಟ್ಟಿಗೆಯ ಕಾಯಿಲೆಗಳಿಗಾಗಿ ಲೇಖನಿ ಹಿಡಿದದ್ದು ಸಾಮಾನ್ಯ ಸಂಗತಿಯಲ್ಲ. ಆ ಕಾಲದಲ್ಲಿ ವೈದ್ಯನೇ ದನವಿದ್ದ ಕಡೆಗೆ ಹೋಗುತ್ತಿದ್ದನೆಂದು ಊಹಿಸಬಹುದು. ಕೊಟ್ಟಿಗೆಗೆ ಬಂದ ವೈದ್ಯನಿಗೆ ಸುತ್ತಲಿನ ಮನೆಯವರೆಲ್ಲ ಸಾಕ್ಷಿಗಳು. ದನವೇ ವೈದ್ಯನ ಬಾಗಿಲಿಗೆ ಬರುವ ಕಾಲ ಬಂದಾಗ ಬಾಗಿಲಲ್ಲಿ ಒಬ್ಬರು ಬೇಕಾದರು.

ಅಂಥ ಒಂದು ಬಾಗಿಲನ್ನು ಕಂಡು ಬರೆದವನು ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲ ವಾಲೆ. 1623ರ ನವೆಂಬರಿನಲ್ಲಿ ಇಕ್ಕೇರಿಗೆ ಬಂದು ವೆಂಕಟಪ್ಪನಾಯಕನ ಆಸ್ಥಾನವನ್ನು ಕಂಡವನೆಂದು ಅವನು ನಮಗೆ ಪರಿಚಿತ. ಅದೇ ವರ್ಷದ ಆರಂಭದಲ್ಲಿ ಅವನು ಗುಜರಾತಿನ ಖಂಭಾತಿನಲ್ಲಿದ್ದ. ಅಲ್ಲಿ ಹಕ್ಕಿಗಳ ಆಸ್ಪತ್ರೆಯೊಂದನ್ನು ನೋಡಿದ. ಕುಂಟಾದ, ಗಾಯಗೊಂಡ, ಜೊತೆ ತಪ್ಪಿದ ಹಕ್ಕಿಗಳನ್ನು ಅಲ್ಲಿ ಸಾಕಿ, ವಾಸಿಯಾದ ಕಾಡುಹಕ್ಕಿಗಳನ್ನು ಹಾರಿಬಿಡುತ್ತಿದ್ದರು. ಎಲ್ಲಕ್ಕಿಂತ ಅವನನ್ನು ಬೆರಗುಗೊಳಿಸಿದವನು ಬಿಳಿಯ ಗಡ್ಡದ ಒಬ್ಬ ಮುದುಕ. ಮೂಗಿನ ಮೇಲೆ ಕನ್ನಡಕವಿಟ್ಟುಕೊಂಡು, ತಾಯಿಯಿಲ್ಲದ ಇಲಿಮರಿಗಳನ್ನು ಹತ್ತಿಯ ಪೆಟ್ಟಿಗೆಯಲ್ಲಿ ಮಲಗಿಸಿ, ಹಕ್ಕಿಯ ಗರಿಯಿಂದ ಅವಕ್ಕೆ ಹಾಲು ತೊಟ್ಟಿಕ್ಕಿಸುತ್ತಿದ್ದನಂತೆ. ದೊಡ್ಡವಾದ ಮೇಲೆ ಬಿಟ್ಟುಬಿಡುತ್ತೇನೆ ಎಂದನಂತೆ. ಮತ್ತೊಂದು ಕಡೆ ಆಡುಕುರಿಗಳ ನಡುವೆ ಒಬ್ಬ ಮನುಷ್ಯನಿದ್ದ. ಕಳ್ಳತನಕ್ಕಾಗಿ ಎರಡು ಕೈಗಳನ್ನೂ ಕಳೆದುಕೊಂಡು ಬದುಕುವ ದಾರಿಯಿಲ್ಲದವನನ್ನು ಆ ದಯಾಳುಗಳು ಅಲ್ಲಿಯೇ ಇರಿಸಿಕೊಂಡಿದ್ದರು. ಬಂದವರು ಯಾರು, ಏಕೆ ಬಂದರು, ಅರ್ಹರೋ ಅನರ್ಹರೋ ಎಂದು ಕೇಳದ ಬಾಗಿಲು ಅದು.

ಪಾಂಜ್ರಾಪೋಳ ಎಂಬ ಆಶ್ರಯಗಳು ಈ ಧರ್ಮವನ್ನು ಇಂದಿಗೂ ನಡೆಸುತ್ತಿವೆ. ಮುಂಬಯಿಯಲ್ಲಿ 1832ರಲ್ಲಿ ಬೀದಿನಾಯಿಗಳನ್ನು ಕೊಲ್ಲಿಸಿದ್ದರ ವಿರುದ್ಧ ದೊಡ್ಡ ಗಲಭೆಯೇ ಆಯಿತು. ಅದಾದ ಎರಡು ವರ್ಷಕ್ಕೆ, 1834ರಲ್ಲಿ, ಅಲ್ಲಿನ ಪಾಂಜ್ರಾಪೋಳ ಸ್ಥಾಪನೆಯಾಯಿತು. ಆದರೆ ಆಶ್ರಯಕ್ಕೂ ಆಸ್ಪತ್ರೆಗೂ ಒಂದು ವ್ಯತ್ಯಾಸವಿದೆ. ಆಶ್ರಯಕ್ಕೆ ಬಂದ ಪ್ರಾಣಿ ಅಲ್ಲಿಯೇ ಉಳಿಯುತ್ತದೆ. ಆಸ್ಪತ್ರೆಗೆ ಬಂದದ್ದು ಮನೆಗೆ ಮರಳಬೇಕು. ಮರಳಬೇಕಾದರೆ ಅದರ ಗುರುತು ಬೇಕು, ಒಡೆಯನ ಹೆಸರು ಬೇಕು, ಊರು ಬೇಕು, ಬಂದ ದಿನ ಬೇಕು. ಅದೇ ಮುಂಬಯಿಯ ಪರೇಲಿನಲ್ಲಿ 1880ರ ದಶಕದಲ್ಲಿ ಸರ್ ದಿನ್ಶಾ ಪೆಟಿಟ್ ಅವರ ದಾನದಿಂದ, ಅವರ ಪತ್ನಿ ಬಾಯಿ ಸಕರಬಾಯಿಯವರ ಹೆಸರಿನಲ್ಲಿ ಪ್ರಾಣಿಗಳ ಆಸ್ಪತ್ರೆ ತೆರೆಯಿತು. 1886ರಲ್ಲಿ ಅದರ ಆಶ್ರಯದಲ್ಲಿಯೇ ಪಶುವೈದ್ಯ ಕಾಲೇಜು ಆರಂಭವಾಯಿತು. ಹೆಬ್ಬಾಳದಲ್ಲಿ ನಮ್ಮದೇ ಕಾಲೇಜು ಆಗುವುದಕ್ಕೆ 1958ರವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ನಮ್ಮವರು ಈ ವಿದ್ಯೆಗಾಗಿ ಮುಂಬಯಿ, ಮದರಾಸುಗಳಂಥ ಪರಸ್ಥಳಗಳನ್ನು ಹುಡುಕಿ ಹೋಗಬೇಕಾಗಿತ್ತು.

ಈ ವಿದ್ಯೆಯನ್ನು ಹುಟ್ಟಿಸಿದ್ದು ಕರುಣೆಯೊಂದೇ ಎಂದುಕೊಳ್ಳಬಾರದು. ಭಯವೂ ಹುಟ್ಟಿಸಿತು. ಫ್ರಾನ್ಸಿನ ಲಿಯಾನ್ ನಗರದಲ್ಲಿ ಕ್ಲೋದ್ ಬೂರ್ಜೆಲಾ 1762ರಲ್ಲಿ ಮೊದಲ ಪಶುವೈದ್ಯ ಶಾಲೆಯನ್ನು ತೆರೆದುದಕ್ಕೆ ಯುರೋಪಿನ ದನಗಳನ್ನು ಗುಡಿಸಿಹಾಕುತ್ತಿದ್ದ ಮಹಾಮಾರಿಯೂ ಒಂದು ಕಾರಣ. ನಮ್ಮ ಹಳ್ಳಿಗರು ಅದನ್ನು ದೊಡ್ಡರೋಗ ಎಂದು ಕರೆಯುತ್ತಿದ್ದರು. ಜ್ವರ, ಬಾಯಲ್ಲಿ ಹುಣ್ಣು, ಕಣ್ಣುಮೂಗುಗಳಿಂದ ಸುರಿತ, ರಕ್ತಬೆರೆತ ಭೇದಿ, ಕೆಲವೇ ದಿನಗಳಲ್ಲಿ ಸಾವು. ಈ ಬಗೆಯ ದನದ ಮಾರಿಗಳನ್ನು ಕುರಿತು ತನಿಖೆ ನಡೆಸಿದ ಆಯೋಗವೊಂದು 1871ರಲ್ಲಿ ಭಾರತ ಸರ್ಕಾರಕ್ಕೆ ವರದಿ ಒಪ್ಪಿಸಿತು. 1889ರಲ್ಲಿ ಪುಣೆಯಲ್ಲಿ ಪ್ರಯೋಗಾಲಯ ಆರಂಭವಾಯಿತು. 1893ರಲ್ಲಿ ಅದು ಹಿಮಾಲಯದ ಮುಕ್ತೇಶ್ವರಕ್ಕೆ ಹೋಯಿತು. 1920ರ ದಶಕದಲ್ಲಿ ಮೈಸೂರು ಸಂಸ್ಥಾನವೂ ಬೆಂಗಳೂರಿನಲ್ಲಿ ಸೀರಂ ಸಂಸ್ಥೆಯನ್ನು ಕಟ್ಟಿತು. ಕೊನೆಗೆ 2006ರಲ್ಲಿ ಭಾರತವೂ 2011ರಲ್ಲಿ ಇಡೀ ಜಗತ್ತೂ ದೊಡ್ಡರೋಗದಿಂದ ಮುಕ್ತವಾದುದಾಗಿ ಘೋಷಣೆಯಾಯಿತು. ಸಿಡುಬಿನ ನಂತರ ಭೂಮಿಯಿಂದ ನಿರ್ಮೂಲವಾದ ಎರಡನೆಯ ರೋಗ ಇದು.

ಈ ವಿಜಯದ ಕೀರ್ತಿ ಲಸಿಕೆಯನ್ನು ಕಂಡುಹಿಡಿದವರಿಗೂ ಊರೂರು ಸುತ್ತಿ ಚುಚ್ಚಿದವರಿಗೂ ಸಲ್ಲಬೇಕಾದದ್ದೇ. ಆದರೆ ರೋಗ ಯಾವ ಊರಿನಲ್ಲಿ ತಲೆಯೆತ್ತಿದೆ ಎಂಬುದು ತಿಳಿಯದೆ ಲಸಿಕೆ ಎಲ್ಲಿಗೆ ಹೋಗಬೇಕು? ತಾಲ್ಲೂಕಿನ ದನದ ಆಸ್ಪತ್ರೆಗಳಲ್ಲಿ ಸ್ವಾಗತಕಾರ ಎಂಬ ಹುದ್ದೆ ಇರಲಿಲ್ಲ. ವೈದ್ಯರು ಹಳ್ಳಿಗೆ ಹೋದಾಗ ಕಾಂಪೌಂಡರೋ ಜವಾನನೋ ಬಾಗಿಲಲ್ಲಿ ಕುಳಿತು ಚೀಟಿ ಬರೆಯುತ್ತಿದ್ದರು. “ಮೇವು ಮುಟ್ತದಾ? ಮೆಲುಕು ಹಾಕ್ತದಾ? ಸಗಣಿ ಹೆಂಗದೆ? ಈದು ಎಷ್ಟು ದಿನ ಆಯ್ತು?” ಎಂಬ ಅವರ ನಾಲ್ಕು ಪ್ರಶ್ನೆಗಳಲ್ಲಿ ಒಂದು ಶಾಸ್ತ್ರವೇ ಅಡಗಿತ್ತು. ಒಂದೇ ಹಳ್ಳಿಯಿಂದ ಒಂದೇ ವಾರದಲ್ಲಿ ಮೂರು ದನ ಬಾಯಿಹುಣ್ಣೆಂದು ಬಂದರೆ, ಮೂರು ಸಾಲುಗಳನ್ನು ಒಟ್ಟಿಗೆ ಓದಿದವನಿಗೆ ಅದು ಮೂರು ರೋಗಿಗಳ ಸುದ್ದಿಯಾಗಿ ಉಳಿಯುವುದಿಲ್ಲ. ಒಂದು ಹಳ್ಳಿಯ ಸುದ್ದಿಯಾಗುತ್ತದೆ. ಎಡಪಕ್ಕೆ ತಮಟೆಯಂತೆ ಬಿಗಿದು ಹೊಟ್ಟೆ ಉಬ್ಬರಿಸಿದ ಎಮ್ಮೆ ಸಾಲಿನ ಕೊನೆಯಲ್ಲಿ ನಿಂತಿದ್ದರೆ, ಅದನ್ನು ಮೊದಲು ಒಳಗೆ ಬಿಡಬೇಕೆಂದು ಅವರಿಗೆ ಯಾವ ಪಠ್ಯಪುಸ್ತಕವೂ ಹೇಳಬೇಕಾಗಿರಲಿಲ್ಲ.

ನಗರಗಳಲ್ಲಿ ಕಥೆ ಬೇರೆ ದಾರಿ ಹಿಡಿಯಿತು. ಮೋಟಾರು ಬಂದು ಕುದುರೆ ಬೀದಿಯಿಂದ ಮರೆಯಾದಂತೆ ಪಶುವೈದ್ಯರ ಮುಂದೆ ನಾಯಿ, ಬೆಕ್ಕು ಬಂದು ಕುಳಿತವು. ಲಂಡನ್ನಿನ ಬಡವರ ಬೀದಿಯಾದ ವೈಟ್‌ಚಾಪೆಲ್ಲಿನಲ್ಲಿ 1917ರಲ್ಲಿ, ಮಹಾಯುದ್ಧದ ನಡುವೆ, ಮರಿಯಾ ಡಿಕಿನ್ ಎಂಬಾಕೆ ಒಂದು ನೆಲಮಾಳಿಗೆಯಲ್ಲಿ ಉಚಿತ ಪ್ರಾಣಿಚಿಕಿತ್ಸಾಲಯವನ್ನು ತೆರೆದರು. ಆಕೆ ಪಶುವೈದ್ಯೆಯಲ್ಲ, ಬಡವರ ಪ್ರಾಣಿಗಳಿಗೆ ಬಾಗಿಲು ತೆರೆದುಕೊಟ್ಟವರು. ಕತ್ತೆ, ನಾಯಿ, ಮೊಲಗಳನ್ನು ಹಿಡಿದುಕೊಂಡು ಜನ ಬಂದರು. ಇಂಗ್ಲೆಂಡಿನ ಹಳ್ಳಿಗಾಡಿನ ವೈದ್ಯನ ಬದುಕನ್ನು ಜೇಮ್ಸ್ ಹೆರಿಯಟ್ ಎಂಬ ಹೆಸರಿನಿಂದ ಬರೆದ ಆಲ್ಫ್ರೆಡ್ ವೈಟ್ ಅವರ ಮೊದಲ ಪುಸ್ತಕ 1970ರಲ್ಲಿ ಹೊರಬಂತು. ಅದರಲ್ಲಿ ಮಿಸ್ ಹಾರ್ಬಟಲ್ ಎಂಬ ಕಾರ್ಯದರ್ಶಿನಿಯ ಪಾತ್ರವಿದೆ. ರೈತರು ಕೊಟ್ಟ ಹಣವನ್ನೆಲ್ಲ ಅಗ್ಗಿಷ್ಟಿಕೆಯ ಮೇಲಿನ ಒಂದು ಪಾತ್ರೆಯಲ್ಲಿ ತುರುಕಿಡುವ ವೈದ್ಯರಿಗೂ ಲೆಕ್ಕ ಲೆಕ್ಕವಾಗಿಯೇ ಇರಬೇಕೆನ್ನುವ ಆಕೆಗೂ ನಡೆಯುವ ಜಟಾಪಟಿ ನಗೆ ಉಕ್ಕಿಸುತ್ತದೆ. ನಕ್ಕು ಮುಗಿದ ಮೇಲೆ ಯೋಚಿಸಿದರೆ ಆಕೆಯ ಪಕ್ಷವೂ ನ್ಯಾಯವಾದದ್ದೇ. ಸಾಹಿತ್ಯ ಈ ವರ್ಗದವರನ್ನು ನಗೆಯ ಪಾತ್ರವಾಗಿ ನೆನೆಯಿತು. ಇತಿಹಾಸ ಅಷ್ಟನ್ನೂ ಮಾಡಲಿಲ್ಲ.

ಕರಿಯನೊಂದಿಗೆ ಹೋದ ದಿನದ ಉಳಿದ ಸಂಗತಿಯನ್ನು ಈಗ ಹೇಳಬೇಕು. ನನ್ನ ಸರದಿ ಮೊದಲನೆಯದಾಗಿತ್ತು. ಅಷ್ಟರಲ್ಲಿ ಒಬ್ಬ ಹುಡುಗ ಬುಟ್ಟಿಯಲ್ಲಿ ಒಂದು ಗಂಡುಬೆಕ್ಕನ್ನು ತಂದ. “ಎರಡು ದಿನದಿಂದ ಮುಕ್ಕುತ್ತಾ ಇದೆ ಅಕ್ಕಾ, ಮಲಬದ್ಧತೆ ಇರಬೇಕು” ಎಂದ. ಆಕೆ ಬರೆಯುತ್ತಿದ್ದ ಕೈಯನ್ನು ನಿಲ್ಲಿಸಿ, “ಮೂತ್ರ ಮಾಡಿದ್ದನ್ನ ನೋಡಿದ್ಯಾ?” ಎಂದು ಕೇಳಿದರು. ಹುಡುಗ ನೋಡಿರಲಿಲ್ಲ. ಕೂಡಲೇ ಬುಟ್ಟಿಯನ್ನು ಒಳಗೆ ಕಳುಹಿಸಿದರು. ನನಗೆ ಮುನಿಸು ಬಂತು. ಸಾಲಿನ ನ್ಯಾಯವನ್ನು ಕುರಿತು ಏನೋ ಅಂದೆ. “ನಿಮ್ಮದು ಕಾಯಬಹುದು ಸಾರ್. ಆ ಬೆಕ್ಕು ಕಾಯಲಾರದು” ಎಂದಷ್ಟೇ ಹೇಳಿದರು. ಗಂಡುಬೆಕ್ಕಿಗೆ ಮೂತ್ರದ ದಾರಿ ಕಟ್ಟಿಕೊಂಡರೆ ಒಂದೆರಡು ದಿನಗಳಲ್ಲಿ ಪ್ರಾಣಕ್ಕೇ ಅಪಾಯವೆಂದೂ ಒಡೆಯರು ಬಹಳ ಸಲ ಅದನ್ನು ಮಲಬದ್ಧತೆಯೆಂದೇ ಭ್ರಮಿಸುತ್ತಾರೆಂದೂ ವೈದ್ಯರಿಂದ ಆಮೇಲೆ ತಿಳಿಯಿತು. ಬೆಕ್ಕು ಉಳಿಯಿತು. ಸಾಕ್ಷಿಯ ಮಾತನ್ನು ನಂಬುತ್ತಲೇ ಅವನ ತೀರ್ಮಾನವನ್ನು ಶಂಕಿಸುವುದು ಒಳ್ಳೆಯ ಚರಿತ್ರಕಾರನ ಲಕ್ಷಣವೆಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ. ಅದನ್ನು ಮಾಡಿ ತೋರಿಸಿದ್ದು ಆ ಮೇಜು.

ಇನ್ನೂ ಕಠಿಣವಾದ ಸಂದರ್ಭಗಳಿವೆ. ನಾಯಿಯ ಬಾಯಿ ಮುಚ್ಚುತ್ತಿಲ್ಲ, ಜೊಲ್ಲು ಸುರಿಯುತ್ತಿದೆ, ಗಂಟಲಲ್ಲಿ ಮೂಳೆ ಸಿಕ್ಕಿರಬೇಕು ಎಂದು ಒಬ್ಬರು ಬರುತ್ತಾರೆ. ಮೂಳೆಯೇ ಇರಬಹುದು, ಹುಚ್ಚುನಾಯಿ ರೋಗವೂ ಇರಬಹುದು. ಆಗ ಕಿರುಚದೆ, ಗಾಬರಿ ಹುಟ್ಟಿಸದೆ, ನಾಯಿಯನ್ನು ಇತರರಿಂದ ದೂರವಿರಿಸಿ, ಬಾಯಿಗೆ ಕೈ ಹಾಕಿದವರು ಯಾರು ಯಾರು ಎಂದು ಕೇಳಿ ಬರೆದುಕೊಳ್ಳಬೇಕು. ಆ ಪಟ್ಟಿಯಲ್ಲಿ ಬಿಟ್ಟುಹೋದ ಒಂದು ಹೆಸರು ಒಂದು ಜೀವಕ್ಕೆ ಸಮ. ಮತ್ತೊಂದು ಕಡೆ ಹಣದ ಮಾತಿದೆ. ಮಾಡಬಹುದಾದ ಚಿಕಿತ್ಸೆಗೂ ಒಡೆಯನ ಜೇಬಿಗೂ ಅಂತರವಿದ್ದಾಗ ಆ ಅಂತರವನ್ನು ಬಾಯಿಬಿಟ್ಟು ಹೇಳಬೇಕಾದವರು ಅನೇಕ ವೇಳೆ ವೈದ್ಯರಲ್ಲ, ಇವರೇ. ಬೈಗುಳವೂ ಕಣ್ಣೀರೂ ಮೊದಲು ಬೀಳುವುದು ಆ ಮೇಜಿನ ಮೇಲೆ.

ಈಗ ಕಾಲ ಬದಲಾಗಿದೆ. ದನದ ಕಿವಿಗೆ ಹನ್ನೆರಡು ಅಂಕಿಗಳ ಹಳದಿ ಓಲೆ ಬಂದಿದೆ. ಗಣಕಯಂತ್ರದಲ್ಲಿ ಅದರ ಚರಿತ್ರೆ ತೆರೆದುಕೊಳ್ಳುತ್ತದೆ. 1962 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಚಿಕಿತ್ಸೆಯ ವಾಹನವೇ ಹಳ್ಳಿಗೆ ಬರುವ ಏರ್ಪಾಡಿದೆ. ಕೌಟಿಲ್ಯ ಕಂಡರೆ ಮೆಚ್ಚಿಕೊಂಡಾನು. ಆದರೂ ಆ ದೂರವಾಣಿಯ ಆಚೆ ತುದಿಯಲ್ಲಿ ಒಂದು ಕೊರಳು ಇರಬೇಕು. ಮೆಲುಕು ಹಾಕ್ತದಾ ಎಂದು ಕೇಳಿ, ಉತ್ತರದಲ್ಲಿನ ನಡುಕವನ್ನು ಗುರುತಿಸುವ ಕಿವಿ ಇರಬೇಕು. ಅಂಕಿ ಹಸುವನ್ನು ಗುರುತಿಸೀತು. ಅದರ ಒಡತಿ ರಾತ್ರಿಯೆಲ್ಲ ಕೊಟ್ಟಿಗೆಯಲ್ಲಿ ಕುಳಿತಿದ್ದಳೆಂಬುದನ್ನು ಅಂಕಿ ಹೇಳಲಾರದು.

ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ನಮ್ಮ ಕೇಳುಗರಲ್ಲಿ ಹಲವರು ಬಲ್ಲರು. ಕ್ರಿಸ್ತಶಕ 949-50ರ ಕಲ್ಲು ಅದು. ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಮಣಲೆರನೆಂಬ ವೀರ ತನ್ನೊಡೆಯ ಬೂತುಗನಿಂದ ಬೇಡಿ ಪಡೆದ ನಾಯಿ ಹಂದಿಯೊಡನೆ ಹೋರಾಡಿ ಸತ್ತಿತು. ಅವನು ಅದಕ್ಕೊಂದು ಕಲ್ಲು ನಿಲ್ಲಿಸಿ, ಪೂಜೆಗಾಗಿ ಭೂಮಿಯನ್ನು ಬಿಟ್ಟ. ಆ ಕಲ್ಲಿನಲ್ಲಿ ನಾಯಿಯ ಹೆಸರು ಇದೆ: ಕಾಳಿ. ಸಾವಿರ ವರ್ಷ ದಾಟಿದರೂ ಆ ಹೆಸರನ್ನು ನಾವು ಓದುತ್ತಿದ್ದೇವೆ. “ಮೊದಲು ಇವನ ಹೆಸರು ಹೇಳಿ” ಎಂದ ಆ ಹೆಣ್ಣುಮಗಳು ತನಗೆ ತಿಳಿಯದೆಯೇ ಆ ಪರಂಪರೆಗೆ ಸೇರಿದ್ದರು.

ಎರಡು ವರ್ಷಗಳ ಮೇಲೆ ಕರಿಯನ ಕೊನೆಯ ದಿನವೂ ಅದೇ ಮೇಜಿನ ಮುಂದೆ ನಿಂತೆ. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಲು ನನ್ನ ಕೈ ಓಡಲಿಲ್ಲ. ಆಕೆ ಅವಸರಪಡಿಸಲಿಲ್ಲ, ಹಣದ ಮಾತನ್ನೂ ಎತ್ತಲಿಲ್ಲ. ಎಲ್ಲ ಮುಗಿದ ಮೇಲೆ ಪುಸ್ತಕದಲ್ಲಿ ಬರೆದದ್ದನ್ನು ನಾನು ಕಂಡೆ. ಹೆಸರು ಕರಿಯ, ವಯಸ್ಸು ಹದಿಮೂರು, ಒಡೆಯರ ಹೆಸರು, ವಿಳಾಸ, ವೈದ್ಯರ ಹೆಸರು, ಎಲ್ಲಕ್ಕೂ ಒಂದೊಂದು ಅಂಕಣವಿತ್ತು. ನಮ್ಮ ಹಳೆಯ ಶಾಸನಗಳಲ್ಲಿ ಎಷ್ಟೋ ಕಡೆ ಕೊನೆಯಲ್ಲಿ ಬರೆದವನ ಹೆಸರೂ ಕಂಡರಿಸಿದ ರೂವಾರಿಯ ಹೆಸರೂ ಇರುತ್ತವೆ. ಆ ಪುಸ್ತಕದಲ್ಲಿ ಬರೆದವರ ಹೆಸರಿಗೆ ಅಂಕಣವಿರಲಿಲ್ಲ. ಮನೆಗೆ ಬಂದು ಕುಳಿತ ಮೇಲೆ ಹೊಳೆಯಿತು: ಅಷ್ಟು ಸಲ ಆ ಮೇಜಿನ ಮುಂದೆ ನಿಂತಿದ್ದರೂ ನಾನು ಸಹ ಆಕೆಯ ಹೆಸರನ್ನು ಕೇಳಿರಲಿಲ್ಲ. ಇತಿಹಾಸದ ಮರೆವು ಎಂದು ನಾವು ದೊಡ್ಡ ಮಾತಿನಲ್ಲಿ ಹೇಳುವುದು ಇಂಥ ಸಣ್ಣ ಮರೆವಿನಿಂದಲೇ ಮೊದಲಾಗುತ್ತದೆ.